ಕೈಗೆ ಹೊಯ್ಯುವ ನೀರು, ಮುಗಿಲಿನಿಂದ ಬೀಳುವ ನೀರು

ಮಂಗಳೂರು, ಉಡುಪಿ ಕಡೆಯಿಂದ ಹಿರಿಯರ ಆರೈಕೆಯ ಕೆಲಸಕ್ಕೆಂದು ಇಸ್ರೇಲಿಗೆ ಹೋಗಿರುವ ಸಾವಿರಾರು ಮಂದಿಯಲ್ಲಿ ನಾನೂ ಒಬ್ಬಳು. ಆಚಾರವಂತ ಯೆಹೂದಿಗಳ ಮನೆಗೆ ಸೇರುವವರಿಗೆ ಮೊದಲೇ ಹೇಳಿಕೊಡುವ ಮಾತು ಸಾಮಾನ್ಯವಾಗಿ ಎರಡೇ: ಹಾಲಿನ ಪಾತ್ರೆಯೂ ಮಾಂಸದ ಪಾತ್ರೆಯೂ ಎಂದೂ ಬೆರೆಯಕೂಡದು, ವಾರದ ವಿಶ್ರಾಂತಿಯ ದಿನವಾದ ಶಬ್ಬತ್ತಿನಂದು ಮನೆಯವರ ಮುಂದೆ ಸ್ವಿಚ್ಚು ಒತ್ತುವ ಮೊದಲು ಕೇಳಿಕೊಳ್ಳಬೇಕು. ನೀರಿನ ವಿಚಾರ ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಜೆರುಸಲೇಮಿನಲ್ಲಿ ನಾನು ಕೆಲಸಕ್ಕಿದ್ದ ಮನೆಯಲ್ಲಿ ಅತಿ ಹೆಚ್ಚು ಶ್ರದ್ಧೆಯಿಂದ ಕಲಿಯಬೇಕಾಗಿ ಬಂದದ್ದು ನೀರಿನ ಕ್ರಮಗಳನ್ನೇ. ಯಾವ ನೀರನ್ನು ಪಾತ್ರೆಯಲ್ಲಿ ತುಂಬಿಯೇ ಹೊಯ್ಯಬೇಕು, ಯಾವ ನೀರಿಗೆ ಪಾತ್ರೆಯ ಸೋಂಕೂ ತಾಗಬಾರದು, ಯಾವಾಗ ತುಂಬಿಡಬೇಕು, ಯಾವಾಗ ಚೆಲ್ಲಿಬಿಡಬೇಕು ಎಂಬುದನ್ನು ಆ ಮನೆಯ ಅಜ್ಜಿಯ ಆರೈಕೆಯ ಜೊತೆಜೊತೆಗೇ ಕಲಿತೆ. ಅವರು ತೀರಿಕೊಂಡ ವಾರದಲ್ಲೂ ಕಲಿಯುತ್ತಲೇ ಇದ್ದೆ.

ಎಲ್ಲರೂ ಅವರನ್ನು ಸಾವ್ತಾ ಎನ್ನುತ್ತಿದ್ದರು. ಹೀಬ್ರೂವಿನಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. 1950ರ ದಶಕದಲ್ಲಿ ಮೊರಾಕೋದಿಂದ ಬಂದು ನೆಲೆಸಿದ ಕುಟುಂಬ ಅವರದು. ನನ್ನನ್ನು ತಮ್ಮ ಮೊರಾಕೋದ ಅರಬಿಯಲ್ಲಿ ‘ಬೆಂತಿ’, ಅಂದರೆ ಮಗಳೇ, ಎಂದು ಕರೆಯುತ್ತಿದ್ದರು. ಪಾರ್ಶ್ವವಾಯುವಿನಿಂದ ಎಡಗೈಯ ಬಲ ಹೋಗಿತ್ತು, ಬಲಗೈ ನಡುಗುತ್ತಿತ್ತು. ಸ್ನಾನ, ಔಷಧಿ, ಊಟ, ವ್ಯಾಯಾಮ ಎಲ್ಲದಕ್ಕೂ ನನ್ನ ನೆರವು ಬೇಕಿತ್ತು. ಆದರೆ ಅವರು ನನಗೆ ತಾವೇ ಕುಳಿತು, ಬಿಡಿಸಿ ಬಿಡಿಸಿ ಹೇಳಿಕೊಟ್ಟದ್ದು ಒಂದೇ ಕೆಲಸವನ್ನು, ಕೈಗೆ ನೀರು ಹೊಯ್ಯುವುದನ್ನು.

ರಾತ್ರಿ ಮಲಗುವ ಮೊದಲು ಅವರ ಹಾಸಿಗೆಯ ಪಕ್ಕದಲ್ಲಿ ಒಂದು ಬೋಗುಣಿಯನ್ನೂ ಅದರೊಳಗೆ ನೀರು ತುಂಬಿದ ‘ನತ್ಲಾ’ವನ್ನೂ ಇಡಬೇಕಿತ್ತು. ನತ್ಲಾ ಎಂದರೆ ಎದುರುಬದುರಾಗಿ ಎರಡು ಹಿಡಿಗಳಿರುವ, ಬಾಯಗಲದ ಪಾತ್ರೆ. ಸಾವ್ತಾ ಅವರದು ತಾಮ್ರದ್ದು. ಒಂದು ಹಿಡಿ ಕಿತ್ತು ಬಂದು ಮತ್ತೆ ಬೆಸುಗೆ ಹಾಕಿಸಿದ ಗುರುತು ಅದರ ಮೇಲಿತ್ತು. ಹಿಡಿ ಮುರಿದರೆ ಚಿಂತೆಯಿಲ್ಲ, ಆದರೆ ಅಂಚು ಮುಕ್ಕಾದರೆ ಆ ಪಾತ್ರೆ ಕೈ ತೊಳೆಯಲು ಬರುವುದಿಲ್ಲ ಎಂದು ಅವರು ನನ್ನ ಬೆರಳನ್ನು ಹಿಡಿದು ಅಂಚಿನ ಸುತ್ತ ಓಡಿಸಿ ತೋರಿಸಿದ್ದರು. ಬೆಳಗ್ಗೆ ಕಣ್ಣು ಬಿಟ್ಟೊಡನೆ, ನೆಲಕ್ಕೆ ಕಾಲಿಡುವ ಮೊದಲೇ, ಬಲಗೈಗೆ ಒಮ್ಮೆ, ಎಡಗೈಗೆ ಒಮ್ಮೆ, ಹೀಗೆ ಬದಲಿಸುತ್ತಾ ಒಂದೊಂದು ಕೈಗೂ ಮೂರು ಸಲ ಮಣಿಕಟ್ಟಿನವರೆಗೆ ನೀರು ಹೊಯ್ಯಬೇಕು. ಬೋಗುಣಿಯಲ್ಲಿ ಬಿದ್ದ ನೀರನ್ನು ಮತ್ತಾವುದಕ್ಕೂ ಬಳಸುವಂತಿಲ್ಲ. ಜನ ತುಳಿದಾಡುವ ಕಡೆಗೆ ಚೆಲ್ಲುವಂತೆಯೂ ಇಲ್ಲ. ಅದನ್ನು ಬಚ್ಚಲಿಗೆ ಸುರಿದು ಬೋಗುಣಿ ತೊಳೆದಿಟ್ಟ ಮೇಲೆಯೇ ನನ್ನ ದಿನ ಶುರುವಾಗುತ್ತಿತ್ತು.

ನಿದ್ರೆ ಸಾವಿನ ಅರವತ್ತರಲ್ಲಿ ಒಂದು ಪಾಲು ಎಂದು ಯೆಹೂದಿಗಳ ಪ್ರಾಚೀನ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್ ಹೇಳುತ್ತದೆ. ಆ ಒಂದು ಪಾಲಿನ ನೆರಳು ಎಚ್ಚರವಾದ ಮೇಲೂ ಬೆರಳ ತುದಿಯಲ್ಲಿ ನಿಂತಿರುತ್ತದೆ, ಮೂರು ಸಲದ ನೀರು ಅದನ್ನು ಕಳುಹಿಸುತ್ತದೆ ಎಂಬುದು ಸಾವ್ತಾ ತಮ್ಮ ತಾಯಿಯಿಂದ ಕೇಳಿದ ವಿವರಣೆ. 13ನೆಯ ಶತಮಾನದಲ್ಲಿ ಬಾರ್ಸಿಲೋನಾದಲ್ಲಿದ್ದ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಷ್ಲೋಮೊ ಬೆನ್ ಅದೆರೆತ್ ಬೇರೊಂದು ಕಾರಣ ಕೊಟ್ಟಿದ್ದಾರೆ: ಪ್ರತಿ ಬೆಳಗ್ಗೆ ಮನುಷ್ಯ ಹೊಸದಾಗಿ ಸೃಷ್ಟಿಯಾಗಿ ಏಳುತ್ತಾನೆ, ಆದ್ದರಿಂದ ಹಿಂದೆ ಜೆರುಸಲೇಮಿನಲ್ಲಿದ್ದ ದೇವಾಲಯದ ಯಾಜಕನು ಸೇವೆಗೆ ಮುನ್ನ ತಾಮ್ರದ ತೊಟ್ಟಿಯ ನೀರಿನಿಂದ ಕೈ ತೊಳೆದಂತೆ ಅವನೂ ತೊಳೆದುಕೊಂಡು ದಿನದ ಸೇವೆಗೆ ನಿಲ್ಲಬೇಕು. ಆ ತಾಮ್ರದ ತೊಟ್ಟಿಯನ್ನು ಮಾಡಿದ್ದು ಸ್ತ್ರೀಯರು ಕೊಟ್ಟ ಲೋಹದ ಕನ್ನಡಿಗಳಿಂದ ಎಂದು ಬೈಬಲಿನ ವಿಮೋಚನಕಾಂಡದಲ್ಲಿ ಬರುತ್ತದೆ. ನನಗೆ ಎರಡನೆಯ ಕಾರಣವೇ ಹೆಚ್ಚು ಹಿಡಿಸಿತು. ಹಾಸಿಗೆಯಿಂದ ಏಳಲೂ ಇನ್ನೊಬ್ಬರ ಆಸರೆ ಬೇಕಾದ ಮುದುಕಿಯೊಬ್ಬರು ಸೇವೆಗೆ ಸಿದ್ಧರಾಗುವ ಯಾಜಕರಂತೆ ಎರಡೂ ಕೈ ಮುಂದೆ ಚಾಚುವುದನ್ನು ಪ್ರತಿದಿನ ಹತ್ತಿರದಿಂದ ಕಂಡವಳು ನಾನು.

ರೊಟ್ಟಿ ಮುರಿಯುವ ಮೊದಲಿನ ಕೈತೊಳೆತಕ್ಕೆ ನಿಯಮ ಇನ್ನೂ ಬಿಗಿ. ಮೊದಲು ಕೈ ಸ್ವಚ್ಛವಾಗಿರಬೇಕು, ಉಂಗುರ ತೆಗೆದಿರಬೇಕು. ಬಲಗೈಗೆ ಎರಡು, ಎಡಗೈಗೆ ಎರಡು ಸಲ ಹೊಯ್ಯಬೇಕು. ನೀರಿನ ಕನಿಷ್ಠ ಅಳತೆಯನ್ನು ಕೆಲವರು ಸುಮಾರು 86 ಮಿಲಿಲೀಟರ್ ಎಂದೂ ಕೆಲವರು ಸುಮಾರು 150 ಎಂದೂ ಲೆಕ್ಕ ಹಾಕುತ್ತಾರೆ; ನಾವು ಧಾರಾಳವಾಗಿಯೇ ಹೊಯ್ಯುತ್ತಿದ್ದೆವು. ತೊಳೆದು, ಸ್ತುತಿ ಹೇಳಿ, ಒರೆಸಿಕೊಂಡ ಮೇಲೆ ರೊಟ್ಟಿಯ ಮೊದಲ ತುತ್ತು ಬಾಯಿಗೆ ಹೋಗುವವರೆಗೆ ಮಾತಿಲ್ಲ. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ನೀರು ಪಾತ್ರೆಯಿಂದ, ಮನುಷ್ಯನೊಬ್ಬನ ಬಲದಿಂದ ಕೈಯ ಮೇಲೆ ಬೀಳಬೇಕು. ನಲ್ಲಿ ಬಿಟ್ಟು, ತಾನೇ ತಾನಾಗಿ ಹರಿಯುತ್ತಿರುವ ಧಾರೆಯ ಕೆಳಗೆ ಕೈಯೊಡ್ಡಿದರೆ ಎಷ್ಟು ನೀರು ಹರಿದರೂ ಆ ಮನೆಯಲ್ಲಿ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಹಾಗಾದರೆ ಆ ಬಲ ನನ್ನದಾಗಬಹುದೇ? ನಾನು ಉಡುಪಿ ಜಿಲ್ಲೆಯ ಕಥೋಲಿಕ್ ಮನೆತನದವಳು; ಯೆಹೂದಿಯಲ್ಲ. ಶಾಲೆಯೊಂದರಲ್ಲಿ ತಾಲ್ಮುದ್ ಕಲಿಸುತ್ತಿದ್ದ ಸಾವ್ತಾ ಅವರ ಹಿರಿಯ ಮಗನನ್ನು ಈ ಬಗ್ಗೆ ಕೇಳಿದೆ. ಅವರು ಕಪಾಟಿನಿಂದ ‘ಷುಲ್ಖಾನ್ ಅರೂಖ್’ ತೆಗೆದರು. ಸಫೇದ್ ಪಟ್ಟಣದಲ್ಲಿದ್ದ ರಬ್ಬಿ ಯೋಸೆಫ್ ಕಾರೊ ಬರೆದ, 1565ರಲ್ಲಿ ವೆನಿಸ್ಸಿನಲ್ಲಿ ಮೊದಲು ಅಚ್ಚಾದ ಈ ನಿಯಮಸಂಗ್ರಹವನ್ನೇ ಇಂದಿಗೂ ಧಾರ್ಮಿಕ ಯೆಹೂದಿಗಳು ದಿನಚರಿಗೆ ಆಧಾರವಾಗಿ ಹಿಡಿಯುತ್ತಾರೆ. ಕೈಗೆ ನೀರು ಹೊಯ್ಯಲು ಎಲ್ಲರೂ ಅರ್ಹರು, ಕಿವುಡರಾದರೂ ಸರಿ, ಮಕ್ಕಳಾದರೂ ಸರಿ, ಯೆಹೂದಿಯಲ್ಲದವರಾದರೂ ಸರಿ ಎಂದು ಅದರಲ್ಲಿ ಬರೆದಿರುವುದನ್ನು ಓದಿ ಹೇಳಿದರು. ಅಷ್ಟಕ್ಕೇ ನಿಲ್ಲಿಸದೆ, ಎರಡನೆಯ ಅರಸುಗಳ ಗ್ರಂಥದ ಒಂದು ಪ್ರಸಂಗವನ್ನೂ ನೆನಪಿಸಿದರು. ಯುದ್ಧಕ್ಕೆ ಹೊರಟ ಸೈನ್ಯ ಕುಡಿಯಲು ನೀರಿಲ್ಲದೆ ಕಂಗೆಟ್ಟಾಗ, ಇಲ್ಲಿ ಯಾರಾದರೂ ಪ್ರವಾದಿ ಇದ್ದಾನೆಯೇ ಎಂದು ಅರಸ ಕೇಳುತ್ತಾನೆ. ಸೇವಕನೊಬ್ಬ ಎಲೀಷನ ಹೆಸರು ಹೇಳಿ, ಅವನು ಹಿರಿಯ ಪ್ರವಾದಿ ಎಲೀಯನ ಕೈಗೆ ನೀರು ಹೊಯ್ಯುತ್ತಿದ್ದವನು ಎಂದು ಪರಿಚಯಿಸುತ್ತಾನೆ. ಎಲೀಯನಿಂದ ಕಲಿತವನು ಎಂದು ಹೇಳಲಿಲ್ಲ, ಅವನ ಕೈಗೆ ನೀರು ಹೊಯ್ದವನು ಎಂದರು. ಆದ್ದರಿಂದ ಗುರುವಿನ ಸೇವೆ ಕಲಿಕೆಗಿಂತ ದೊಡ್ಡದು ಎಂದು ತಾಲ್ಮುದ್ ಈ ಮಾತಿನಿಂದ ತೀರ್ಮಾನ ತೆಗೆಯುತ್ತದೆ. ಆರೈಕೆಯ ಕೆಲಸವನ್ನು ಮೈಕೈ ನೋವಿನ ಕೂಲಿ ಎಂದಷ್ಟೇ ನೋಡುವವರ ನಡುವೆ ಬಾಳಿದ ನನಗೆ, ಆ ಸಂಜೆ ಕೇಳಿದ ಮಾತು ಎಷ್ಟು ಬಲ ಕೊಟ್ಟಿತೆಂಬುದನ್ನು ಹೇಳಲೇಬೇಕು.

ಇನ್ನೊಂದು ಕಥೆಯನ್ನು ಸಾವ್ತಾ ಅವರೇ ಹೇಳುತ್ತಿದ್ದರು. ರೋಮನ್ನರು ಪ್ರಾಚೀನ ಕಾಲದ ಮಹಾಪಂಡಿತ ರಬ್ಬಿ ಆಕಿವಾರನ್ನು ಸೆರೆಯಲ್ಲಿಟ್ಟಿದ್ದಾಗ ಯೆಹೋಶುವ ಎಂಬವರು ದಿನವೂ ಅಳತೆಯ ನೀರು ಒಯ್ದುಕೊಡುತ್ತಿದ್ದರು. ಒಂದು ದಿನ, ಸೆರೆಮನೆಯ ಗೋಡೆ ಕೊರೆಯಲು ಇಷ್ಟು ನೀರೋ ಎಂದು ಕಾವಲುಗಾರ ಅರ್ಧವನ್ನು ಚೆಲ್ಲಿಬಿಟ್ಟ. ಉಳಿದ ನೀರಿನಲ್ಲಿ ಮೊದಲು ನನ್ನ ಕೈಗೆ ಹೊಯ್ಯಿ ಎಂದರು ಆಕಿವಾ. ಕುಡಿಯಲಿಕ್ಕೇ ಸಾಲದು, ಕೈ ತೊಳೆಯುವುದೆಲ್ಲಿ ಎಂದು ಯೆಹೋಶುವ ಅಂಗಲಾಚಿದರೂ ಕೇಳದೆ, ಕೈ ತೊಳೆಯುವವರೆಗೆ ಅವರು ಏನನ್ನೂ ಮುಟ್ಟಲಿಲ್ಲ. ಈ ಕಥೆಯಲ್ಲಿ ಆಕಿವಾರ ದೃಢತೆಯನ್ನು ಎಲ್ಲರೂ ಕೊಂಡಾಡುತ್ತಾರೆ. ದಿನದಿನವೂ ನೀರು ಹೊತ್ತು ತಂದವರ ಹೆಸರನ್ನೂ ತಾಲ್ಮುದ್ ಮರೆಯದೆ ಉಳಿಸಿಕೊಂಡಿದೆ ಎಂಬುದು ನನ್ನ ಮನಸ್ಸಿನಲ್ಲಿ ನಿಂತ ಸಂಗತಿ.

ಊಟದ ಕೊನೆಯಲ್ಲಿ ಮತ್ತೆ ನೀರು ಬರುತ್ತಿತ್ತು. ‘ಮಾಯಿಮ್ ಅಖರೋನಿಮ್’ ಎನ್ನುವ ಈ ಕ್ರಮದಲ್ಲಿ, ಊಟದ ಮೇಲಿನ ಕೃತಜ್ಞತೆಯ ಪ್ರಾರ್ಥನೆಗೆ ಮೊದಲು ಬೆರಳುಗಳ ಮೇಲಷ್ಟೇ ಸ್ವಲ್ಪ ನೀರು ಹಾಕಬೇಕು. ಹಿಂದೆ ಊಟಕ್ಕೆ ಬಳಸುತ್ತಿದ್ದ ಸೊದೋಮಿನ ಉಪ್ಪು ಕಣ್ಣಿಗೆ ತಾಗಿದರೆ ಕುರುಡಾಗುವ ಭಯವಿತ್ತು ಎಂಬುದು ಇದಕ್ಕೆ ತಾಲ್ಮುದ್ ಕೊಡುವ ಕಾರಣ. ಆ ಉಪ್ಪು ಈಗಿಲ್ಲವೆಂದು ಎಷ್ಟೋ ಮನೆಗಳಲ್ಲಿ ಈ ರೂಢಿ ಬಿಟ್ಟುಹೋಗಿದ್ದರೂ ಮೊರಾಕೋದವರು ಬಿಟ್ಟಿಲ್ಲ.

ಇಷ್ಟು ದಿನ ಹೊಯ್ದರೂ ಆ ನೀರನ್ನು ಯಾರೂ ಮಂತ್ರಿಸಿದ್ದನ್ನು ನಾನು ನೋಡಲಿಲ್ಲ. ನಮ್ಮ ಊರಿನ ಇಗರ್ಜಿಯಲ್ಲಿ ಪಾದ್ರಿಗಳು ನೀರನ್ನು ಆಶೀರ್ವದಿಸುತ್ತಾರೆ. ಆಮೇಲೆ ಅದು ಬೇರೆಯದೇ ನೀರು, ಅದನ್ನು ಬೆರಳಲ್ಲಿ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತೇವೆ, ಸೀಸೆಯಲ್ಲಿ ತುಂಬಿ ಮನೆಗೆ ಒಯ್ಯುತ್ತೇವೆ. ಸಾವ್ತಾ ಹೇಳುತ್ತಿದ್ದ ಸ್ತುತಿಯಲ್ಲಿ ನೀರಿನ ಮೇಲೆ ಏನೂ ಇರಲಿಲ್ಲ. ಕೈ ತೊಳೆಯಲು ಆಜ್ಞಾಪಿಸಿದ ದೇವರಿಗೆ ಸ್ತೋತ್ರ ಎಂದಷ್ಟೇ ಅದರ ಅರ್ಥ. ನತ್ಲಾದಲ್ಲಿ ಉಳಿದ ನೀರನ್ನು ನಾನು ಕಿಟಕಿಯ ಪುದೀನ ಗಿಡಕ್ಕೆ ಹಾಕಿದರೆ ಅವರಿಗೆ ಏನೂ ಅನಿಸುತ್ತಿರಲಿಲ್ಲ.

ಹೊಯ್ಯುವ ನೀರಿನ ಪಾಠ ಹೀಗೆ ಕೈಗೆ ಹತ್ತಿದ ಮೇಲೆ, ಮುಳುಗಿಸುವ ನೀರಿನ ಪಾಠ ಬಂತು. ಮೊಮ್ಮಗಳ ಮದುವೆ ನಿಶ್ಚಯವಾಗಿ ಅವಳ ಹೊಸ ಸಂಸಾರಕ್ಕೆಂದು ಪಾತ್ರೆಪಡಗ ಕೊಂಡಾಗ, ಅವುಗಳನ್ನು ಮಿಕ್ವೆಗೆ ಒಯ್ಯುವ ಕೆಲಸಕ್ಕೆ ತಾವೇ ಬರುವುದಾಗಿ ಸಾವ್ತಾ ಹಟ ಹಿಡಿದರು. ಮಿಕ್ವೆ ಎಂದರೆ ಶುದ್ಧಿಗಾಗಿ ಮುಳುಗುವ ಕೊಳ. ಯೆಹೂದಿಯಲ್ಲದವರಿಂದ ಕೊಂಡ ಲೋಹದ ಮತ್ತು ಗಾಜಿನ ಪಾತ್ರೆಗಳನ್ನು ಊಟಕ್ಕೆ ಬಳಸುವ ಮೊದಲು ಅದರಲ್ಲಿ ಮುಳುಗಿಸಬೇಕು. ಮಿದ್ಯಾನ್ಯರೊಡನೆ ಯುದ್ಧವಾದ ಮೇಲೆ ಕೈಗೆ ಸಿಕ್ಕ ಪಾತ್ರೆಗಳ ಬಗ್ಗೆ ಅರಣ್ಯಕಾಂಡದಲ್ಲಿ ಬರುವ ಆಜ್ಞೆ ಇದಕ್ಕೆ ಮೂಲ. ಮರದ್ದಕ್ಕೆ ಬೇಡ. ಪ್ಲಾಸ್ಟಿಕ್ಕಿನ ಬಗ್ಗೆ ರಬ್ಬಿಗಳಲ್ಲಿ ಒಮ್ಮತವಿಲ್ಲ.

ಹಿಂದಿನ ದಿನವೆಲ್ಲ ನನಗೆ ಸ್ಟಿಕ್ಕರ್ ಕೀಳುವುದೇ ಕೆಲಸವಾಯಿತು. ಬೆಲೆಚೀಟಿ ಕಿತ್ತರೆ ಸಾಲದು, ಅದರಡಿಯ ಅಂಟೂ ಹೋಗಬೇಕು. ನೀರಿಗೂ ಪಾತ್ರೆಗೂ ನಡುವೆ ಏನೂ ಉಳಿಯಕೂಡದು. ಅಡುಗೆ ಎಣ್ಣೆ ಸವರಿ, ಬಿಸಿನೀರಿನಲ್ಲಿ ನೆನೆಸಿ, ಸ್ಟೀಲಿನ ನಾರಿನಿಂದ ಉಜ್ಜಿ, ಒಂದೊಂದನ್ನೂ ಸಾವ್ತಾ ಅವರ ಬಲಗೈಗೆ ಕೊಡುತ್ತಿದ್ದೆ. ಕಣ್ಣು ಮಂಜಾಗಿದ್ದ ಅವರು ಹೆಬ್ಬೆರಳಿನಿಂದ ತಡವಿ, ಅಂಟಿನ ಚೂರು ಸಿಕ್ಕಿದರೆ ಮಾತಿಲ್ಲದೆ ನನಗೇ ವಾಪಸು ಕೊಡುತ್ತಿದ್ದರು. ಮರುದಿನ ಬಡಾವಣೆಯ ಮಿಕ್ವೆಯ ಪಕ್ಕದಲ್ಲಿ, ಪಾತ್ರೆಗಳಿಗೆಂದೇ ಕಟ್ಟಿದ, ಸೊಂಟದೆತ್ತರದ ಹೆಂಚು ಹಾಸಿದ ತೊಟ್ಟಿಯ ಬಳಿ ಗಾಲಿಕುರ್ಚಿ ನಿಲ್ಲಿಸಿದೆ. ಮೊದಲ ಗಾಜಿನ ಲೋಟವನ್ನು ಸಾವ್ತಾ ಸ್ತುತಿ ಹೇಳಿ ತಾವೇ ಮುಳುಗಿಸಿದರು. ಉಳಿದದ್ದನ್ನು ಅವರ ಕಣ್ಣೆದುರಿಗೆ ನಾನು ಮುಳುಗಿಸಿದೆ. ಯೆಹೂದಿಯಲ್ಲದವರ ಕೈಯಿಂದ ಆದರೂ ಮುಳುಗು ಸಲ್ಲುತ್ತದೆ, ಆದರೆ ಯೆಹೂದಿಯೊಬ್ಬರು ನೋಡುತ್ತಿರಬೇಕು ಎಂದು ಮಗ ಮೊದಲೇ ಹೇಳಿದ್ದರು. ಕೈಯನ್ನು ಮೊದಲೇ ಒದ್ದೆ ಮಾಡಿಕೊಂಡು, ಪಾತ್ರೆಯನ್ನು ಬಿಗಿಯಾಗಿ ಹಿಡಿಯದೆ, ನೀರಿನೊಳಗೆ ಒಂದು ಕ್ಷಣ ಬೆರಳು ಸಡಿಲಿಸಬೇಕು. ಕಿರಿದಾದ ಕೊರಳಿನ ಎಣ್ಣೆ ಬಾಟಲಿಯದೇ ಕಷ್ಟ. ಬಾಯಿ ಕೆಳಗಾಗಿ ಮುಳುಗಿಸಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಗಾಳಿ ಇದ್ದಲ್ಲಿ ನೀರು ತಾಗುವುದಿಲ್ಲ. ಓರೆಯಾಗಿ ಹಿಡಿದು, ಕೊನೆಯ ಗುಳ್ಳೆ ಮೇಲೆದ್ದು ಒಡೆಯುವ ತನಕ ಕಾಯಬೇಕಾಯಿತು.

ಪಾತ್ರೆಗಳು ಅನ್ಯರ ಅಶುದ್ಧಿಯಿಂದ ಹೊರಬಂದು ಇಸ್ರಾಯೇಲಿನ ಪಾವಿತ್ರ್ಯದೊಳಗೆ ಸೇರುವುದಕ್ಕಾಗಿ ಈ ಮುಳುಗು ಎಂದು ಎರಡು ತಾಲ್ಮುದ್‌ಗಳಲ್ಲಿ ಒಂದಾದ ಜೆರುಸಲೇಮಿನ ತಾಲ್ಮುದ್ ಹೇಳುತ್ತದೆ. ಆ ‘ಅನ್ಯರ’ ಗುಂಪಿಗೆ ಸೇರಿದವಳೇ ಆದ ನನಗೆ ಈ ಮಾತು ಮೊದಲು ಒರಟಾಗಿ ಕೇಳಿಸಿತು. ಆದರೆ ಯೆಹೂದಿ ಧರ್ಮಕ್ಕೆ ಸೇರಬಯಸುವ ಮನುಷ್ಯರು ಒಳಬರುವುದೂ ಇದೇ ನೀರಿನ ಮೂಲಕ. ಮುಳುಗಿ ಎದ್ದವರನ್ನು ಆಗ ತಾನೇ ಹುಟ್ಟಿದ ಮಗುವೆಂದು ಧರ್ಮವು ಎಣಿಸುತ್ತದೆ. ಹೊರಗು ಒಳಗುಗಳ ನಡುವೆ ಬಾಗಿಲೊಂದು ಇದೆ, ಅದು ನೀರಿನದು ಎಂದು ತಿಳಿದ ಮೇಲೆ ನನ್ನ ಬೇಸರ ಕಡಿಮೆಯಾಯಿತು.

ಮದುವೆಯ ಹಿಂದಿನ ವಾರ ಮೊಮ್ಮಗಳನ್ನು ಮಿಕ್ವೆಗೆ ಕರೆದೊಯ್ದರು. ಮೊರಾಕೋದವರಲ್ಲಿ ಇದು ಹೆಂಗಸರ ಹಬ್ಬ. ತಟ್ಟೆ ತುಂಬ ಸಿಹಿತಿಂಡಿ, ಹಾಡು, ನಾಲಗೆ ತಿರುಗಿಸಿ ಹಾಕುವ ಹರ್ಷದ ಕೂಗು. ಸಾವ್ತಾ ಅವರ ಗಾಲಿಕುರ್ಚಿಯೊಡನೆ ನಾನೂ ಹೊರಗಿನ ಕೋಣೆಯಲ್ಲಿದ್ದೆ. ಮುಳುಗುವುದನ್ನು ನೋಡುವವರು ಅಲ್ಲಿನ ಮೇಲ್ವಿಚಾರಕಿ ಒಬ್ಬರೇ. ಅವರನ್ನು ‘ಬಲಾನಿತ್’ ಎನ್ನುತ್ತಾರೆ. ಒಳಗೆ ಹೋಗುವ ಮೊದಲು ಹುಡುಗಿ ಗಂಟೆಗಟ್ಟಲೆ ಸಿದ್ಧವಾಗಿದ್ದಳು: ಬಿಸಿನೀರ ಸ್ನಾನ, ಉಗುರು ಕತ್ತರಿಸುವುದು, ಬಣ್ಣ ತೆಗೆಯುವುದು, ಕೂದಲಿನ ಸಿಕ್ಕು ಬಿಡಿಸುವುದು, ಹಲ್ಲುಸಂದಿಯವರೆಗೂ ಶುಚಿ. ಕೊಳೆಯೆಲ್ಲ ಹೋದ ಮೇಲೆಯೇ ಈ ನೀರು. 12ನೆಯ ಶತಮಾನದ ಮಹಾಪಂಡಿತ ಮೈಮೋನಿಡೀಸ್ ಮಿಕ್ವೆಯ ನಿಯಮಗಳನ್ನು ವಿವರಿಸಿ ಮುಗಿಸುವಾಗ ಇದನ್ನೇ ಸ್ಪಷ್ಟಪಡಿಸುತ್ತಾರೆ: ಅಶುದ್ಧಿಯೆಂಬುದು ನೀರಿನಿಂದ ತೊಳೆದುಹೋಗುವ ಕೆಸರೋ ಮಲಿನವೋ ಅಲ್ಲ, ಇದು ಧರ್ಮಶಾಸ್ತ್ರದ ವಿಧಿ, ಮುಳುಗುವವರ ಹೃದಯದ ಸಂಕಲ್ಪವನ್ನು ಅವಲಂಬಿಸಿದ್ದು.

ಹಾಡು ಕುಣಿತಗಳೆಲ್ಲ ಮುಗಿದು ಜನ ಸಿಹಿ ಹಂಚುತ್ತಿದ್ದಾಗ, ನನ್ನ ಕುತೂಹಲ ಕಂಡು ಬಲಾನಿತ್ ಖಾಲಿಯಾದ ಕೋಣೆಯನ್ನು ತೋರಿಸಿದರು. ಮೆಟ್ಟಿಲಿಳಿದು ಎದೆಮಟ್ಟದ ನೀರು. ಬೆಚ್ಚಗಿತ್ತು, ತುಸು ಕ್ಲೋರಿನ್ ವಾಸನೆಯೂ ಇತ್ತು. ಇದು ನಲ್ಲಿಯದೇ ನೀರು ಎಂದರು ಅವರು. ನನಗೆ ಆಶ್ಚರ್ಯವಾಯಿತು. ಆಗ ಗೋಡೆಯ ಪಕ್ಕದ ಮುಚ್ಚಳವೊಂದನ್ನು ಎತ್ತಿ ಕೆಳಗೆ ತೋರಿಸಿದರು: ಕತ್ತಲೆಯ ತೊಟ್ಟಿ, ಅಲುಗದೆ ನಿಂತ ನೀರು. ಇದು ‘ಬೋರ್’, ಮಾಡಿನ ಮೇಲೆ ಬಿದ್ದ ಮಳೆಯ ನೀರು ದಂಬೆಯಿಂದ ನೇರವಾಗಿ ಬಂದು ಸೇರಿದ್ದು. ಅದು ಕನಿಷ್ಠ 40 ಸೆಯಾ ಇರಬೇಕು. ಇಂದಿನ ಅಳತೆಯಲ್ಲಿ ಕೆಲವರ ಲೆಕ್ಕಕ್ಕೆ 330 ಲೀಟರಿನಷ್ಟು, ಕೆಲವರ ಲೆಕ್ಕಕ್ಕೆ 570 ಲೀಟರಿಗೂ ಮಿಕ್ಕಿ. ಈ ತೊಟ್ಟಿಗೂ ಮುಳುಗುವ ಕೊಳಕ್ಕೂ ನಡುವಿನ ಗೋಡೆಯಲ್ಲಿ ಎರಡು ಬೆರಳು ಆಡಿಸುವಷ್ಟು ಅಗಲದ ತೂತು ಇದೆ. ಆ ತೂತಿನಲ್ಲಿ ಎರಡೂ ನೀರು ಮುಟ್ಟಿಕೊಂಡರೆ ನಲ್ಲಿಯ ನೀರೂ ಮಳೆಯ ನೀರಿನ ಯೋಗ್ಯತೆ ಪಡೆಯುತ್ತದೆ. ಆದರೆ ಮಳೆಯ ತೊಟ್ಟಿ ತುಂಬುವ ಮುನ್ನ, ಯಾರಾದರೂ ಪಾತ್ರೆಯಲ್ಲಿ ಸೇದಿ ತಂದ ನೀರು ಒಂದು ಲೀಟರಿನಷ್ಟು ಬಿದ್ದರೂ ಸಾಕು, ತೊಟ್ಟಿ ಕೆಡುತ್ತದೆ. ಬರಿದು ಮಾಡಿ ಮುಂದಿನ ಮಳೆಗೆ ಕಾಯಬೇಕು.

ನನಗೆ ಎರಡು ಪಾಠಗಳೂ ಒಂದಕ್ಕೊಂದು ತಾಗಿದ್ದು ಆ ಮುಚ್ಚಳದ ಬಳಿ. ಕೈ ತೊಳೆಯುವ ನೀರಿಗೆ ಪಾತ್ರೆ ಇರಲೇಬೇಕು, ಮನುಷ್ಯನ ಬಲ ಬೀಳಲೇಬೇಕು. ಮುಳುಗುವ ನೀರಿಗೆ ಪಾತ್ರೆ ತಾಗಲೇಬಾರದು, ಮನುಷ್ಯ ಅದನ್ನು ಎತ್ತಿ ತಂದಿರಲೇಬಾರದು. ಒಂದೇ ಧರ್ಮ ಒಂದೇ ನೀರಿಗೆ ಇಟ್ಟ ಈ ತದ್ವಿರುದ್ಧ ನಿಯಮಗಳ ಬಗ್ಗೆ ನಾನು ಬಹಳ ಕಾಲ ಯೋಚಿಸಿದ್ದೇನೆ. ಕೈ ಎಂದರೆ ದುಡಿಮೆ, ಕೊಡುಕೊಳ್ಳುವಿಕೆ, ಊಟ. ದಿನಕ್ಕೆ ಹಲವು ಸಲ ಅದನ್ನು ಶುದ್ಧ ಮಾಡಿಕೊಳ್ಳುವ ಹೊಣೆ ಮನುಷ್ಯರದೇ, ಒಬ್ಬರಿಗೊಬ್ಬರು ಹೊಯ್ದುಕೊಂಡರೂ ನಡೆಯುತ್ತದೆ. ಮದುವೆ, ಮತಾಂತರ, ಮೈಯ ಋತುಚಕ್ರ ಮುಗಿದು ಗಂಡನ ಬಳಿಗೆ ಮರಳುವುದು ಮುಂತಾದ ಇಡೀ ಬಾಳು ಹೊರಳುವ ಘಳಿಗೆಗಳಲ್ಲಿ ಮಾತ್ರ ಮನುಷ್ಯರ ಕೈ ಹಿಂದೆ ಸರಿಯಬೇಕು, ಮುಗಿಲಿನಿಂದಲೋ ನೆಲದ ಊಟೆಯಿಂದಲೋ ತಾನಾಗಿ ಬಂದದ್ದೇ ಬೇಕು. ಮನುಷ್ಯ ಹುಟ್ಟುವ ಮೊದಲು ಜಗತ್ತೆಲ್ಲ ನೀರಾಗಿತ್ತು, ಮುಳುಗುವವನು ಆ ಸ್ಥಿತಿಗೆ ಮರಳಿ ಹೊಸದಾಗಿ ಸೃಷ್ಟಿಯಾಗಿ ಏಳುತ್ತಾನೆ ಎಂದು 13ನೆಯ ಶತಮಾನದ ಸ್ಪೇನಿನ ಯೆಹೂದಿ ಗ್ರಂಥವೊಂದು ಹೇಳುತ್ತದೆಂದು ಮಗ ಆಮೇಲೆ ತಿಳಿಸಿದರು. ಆದಿಕಾಂಡದ ಮೊದಲ ಸಾಲುಗಳಲ್ಲಿ ದೇವರಾತ್ಮವು ಸುಳಿದಾಡಿದ್ದು ಜಲರಾಶಿಯ ಮೇಲೆಯೇ ಅಲ್ಲವೇ.

ಮುಗಿಲಿನ ನೀರೇ ಬೇಕೆನ್ನುವ ಈ ನಾಡಿಗೆ ಮುಗಿಲು ಉದಾರವಾಗಿಲ್ಲ. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಕಂಡು ಬೆಳೆದವಳಿಗೆ, ಜೆರುಸಲೇಮಿನ ಇಡೀ ವರ್ಷದ 550 ಮಿಲಿಮೀಟರಿನಷ್ಟು ಮಳೆ ಒಂದು ಜೂನ್ ತಿಂಗಳಿಗೂ ಸಾಲದು. ಬೇಸಿಗೆ ಪೂರ್ತಿ ಹನಿಯಿಲ್ಲ. ಬೇಸಿಗೆ ಕಳೆದು ಬರುವ ಸುಕ್ಕೋತ್ ಹಬ್ಬದ ಕೊನೆಯ ದಿನ ಮಳೆಗಾಗಿ ವಿಶೇಷ ಪ್ರಾರ್ಥನೆ ನಡೆದು, ಅಂದಿನಿಂದ ನಿತ್ಯದ ಪ್ರಾರ್ಥನೆಯಲ್ಲಿ ಗಾಳಿ ಬೀಸಿಸುವವನೂ ಮಳೆ ಸುರಿಸುವವನೂ ಎಂದು ದೇವರನ್ನು ಹೊಗಳಲು ತೊಡಗುತ್ತಾರೆ. ವಸಂತದ ಪೆಸಾಖ್ ಹಬ್ಬದಿಂದ ಮಳೆಯ ಬದಲು ಇಬ್ಬನಿಯನ್ನು ನೆನೆಯುತ್ತಾರೆ. ಆದರೆ ಮಳೆ ಕೊಡು ಎಂಬ ಬೇಡಿಕೆಯನ್ನು ಸುಕ್ಕೋತ್ ಮುಗಿದೊಡನೆ ಎತ್ತುವುದಿಲ್ಲ, ಯೆಹೂದಿ ಪಂಚಾಂಗದ ಖೆಷ್ವಾನ್ ತಿಂಗಳ 7ನೆಯ ದಿನದವರೆಗೆ ತಡೆಯುತ್ತಾರೆ. ಹಬ್ಬಕ್ಕೆ ದೇವಾಲಯಕ್ಕೆ ಬಂದ ಯಾತ್ರಿಕರಲ್ಲಿ ಕೊನೆಯವನು ಯೂಫ್ರೆಟಿಸ್ ನದಿ ಮುಟ್ಟಲು ಹದಿನೈದು ದಿನ ಬೇಕು, ಅವನು ದಾರಿಯಲ್ಲಿ ನೆನೆಯಬಾರದು ಎಂದು ತಾಲ್ಮುದಿಗೆ ಬುನಾದಿಯಾದ ಮಿಷ್ನಾ ಕಾರಣ ಹೇಳುತ್ತದೆ. ದೇವಾಲಯ ನಾಶವಾಗಿ ಎರಡು ಸಾವಿರ ವರ್ಷಗಳ ಹತ್ತಿರವಾದರೂ, ಆ ಯಾತ್ರಿಕನಿಗಾಗಿ ಇಂದೂ ತಮ್ಮ ಬಾಯಾರಿಕೆಯ ಬೇಡಿಕೆಯನ್ನು ತಡೆಹಿಡಿಯುವ ಈ ಪದ್ಧತಿಯಷ್ಟು ನನ್ನ ಮನಸ್ಸನ್ನು ತುಂಬಿದ್ದು ಬೇರೊಂದಿಲ್ಲ.

ದೇವಾಲಯವಿದ್ದ ಕಾಲದಲ್ಲಿ ಸುಕ್ಕೋತ್ ಹಬ್ಬದ ದಿನಗಳಲ್ಲಿ ಜೆರುಸಲೇಮಿನ ಸಿಲೋವ ಕೊಳದಿಂದ ಚಿನ್ನದ ಹೂಜಿಯಲ್ಲಿ ನೀರು ತಂದು ಬಲಿಪೀಠದ ಮೇಲೆ ಸುರಿಯುತ್ತಿದ್ದರಂತೆ. ಆ ಸಂಭ್ರಮವನ್ನು ಕಾಣದವನು ಬಾಳಿನಲ್ಲಿ ಸಂತೋಷವನ್ನೇ ಕಂಡಿಲ್ಲ ಎನ್ನುತ್ತದೆ ಮಿಷ್ನಾ. 2004ರಲ್ಲಿ ಚರಂಡಿಯ ಕೊಳವೆ ದುರಸ್ತಿಯ ವೇಳೆ ಬೆಳಕಿಗೆ ಬಂದ ಆ ಕೊಳದ ಮೆಟ್ಟಿಲುಗಳನ್ನು ರಜೆಯ ದಿನ ಊರಿನ ಗೆಳತಿಯರೊಂದಿಗೆ ಹೋಗಿ ನೋಡಿದೆ. ಗೀಹೋನ್ ಊಟೆಯಿಂದ ಅಲ್ಲಿಗೆ ಅರಸ ಹಿಜ್ಕೀಯನ ಕಾಲದ, 533 ಮೀಟರ್ ಉದ್ದದ ಸುರಂಗವಿದೆ. ಇಂದಿಗೂ ಅದರಲ್ಲಿ ನೀರು ಹರಿಯುತ್ತದೆ, ಸೀರೆಯನ್ನೋ ಪ್ಯಾಂಟನ್ನೋ ಎತ್ತಿಕಟ್ಟಿ ನಡೆದು ದಾಟಬಹುದು. ಮನೆಗೆ ಬಂದು ಹೇಳಿದಾಗ ಸಾವ್ತಾ ಊಟದ ಮೇಜಿನ ಉಪ್ಪಿನ ಬಟ್ಟಲನ್ನು ತೋರಿಸಿದರು. ಸೃಷ್ಟಿಯ ಎರಡನೆಯ ದಿನ ದೇವರು ಮೇಲಿನ ನೀರನ್ನೂ ಕೆಳಗಿನ ನೀರನ್ನೂ ಬೇರೆ ಮಾಡಿದಾಗ, ದೇವರಿಂದ ದೂರವಾದೆವೆಂದು ಕೆಳಗಿನ ನೀರು ಅತ್ತಿತಂತೆ. ಅದಕ್ಕೆ ಕೊಟ್ಟ ಮಾತು, ಕಡಲಿನಿಂದ ಬರುವ ಉಪ್ಪಾಗಿ ಪ್ರತಿ ಬಲಿಯೊಂದಿಗೂ, ಸುಕ್ಕೋತಿನಲ್ಲಿ ನೀರಾಗಿಯೇ, ಬಲಿಪೀಠವನ್ನು ಸೇರುವೆ ಎಂಬುದು. ಊಟದ ಮೇಜೂ ಬಲಿಪೀಠವೇ, ರೊಟ್ಟಿಯನ್ನು ಉಪ್ಪಿಗೆ ಅದ್ದುವುದು ಅದಕ್ಕೇ ಎಂದರು.

ಸಾವ್ತಾ ತೀರಿಕೊಂಡದ್ದು ಚಳಿಗಾಲದ ಒಂದು ಮಧ್ಯಾಹ್ನ, ಮನೆಯಲ್ಲೇ, ಮಕ್ಕಳೆಲ್ಲ ಸುತ್ತ ಇದ್ದಾಗ. ಕಣ್ಣು ಮುಚ್ಚಿಸಿ ಬಟ್ಟೆ ಹೊದಿಸಿದ ಮೇಲೆ ಮಗಳು ನನ್ನತ್ತ ತಿರುಗಿ, ತುಂಬಿಟ್ಟ ನೀರನ್ನೆಲ್ಲ ಚೆಲ್ಲಿಬಿಡು ಎಂದರು. ಜಗ್ಗು, ಕೆಟಲ್, ಹಾಸಿಗೆಯ ಪಕ್ಕದ ನತ್ಲಾ, ಎಲ್ಲದರ ನೀರನ್ನೂ ಸುರಿದೆ. ಸಾವಿನ ಸುದ್ದಿಯನ್ನು ಬಾಯಿಂದ ಹೇಳುವ ಬದಲು, ನೀರು ಚೆಲ್ಲುವುದನ್ನು ಕಂಡು ನೆರೆಹೊರೆಯವರು ತಿಳಿದುಕೊಳ್ಳಲಿ ಎಂದು ಹುಟ್ಟಿದ ರೂಢಿಯಿದು. ಮೋಶೆಯ ಅಕ್ಕ ಮಿರ್ಯಾಮಳು ಸತ್ತಳೆಂದು ಹೇಳಿದ ಮರುಸಾಲಿನಲ್ಲೇ ಜನಸಮೂಹಕ್ಕೆ ನೀರಿರಲಿಲ್ಲ ಎಂದು ಅರಣ್ಯಕಾಂಡದಲ್ಲಿ ಬರುವುದನ್ನೂ ಇದಕ್ಕೆ ಜೋಡಿಸುತ್ತಾರೆ.

ಅಂದು ರಾತ್ರಿಯೇ ಮಣ್ಣು ಮಾಡಬೇಕಿತ್ತು. ಅದಕ್ಕೆ ಮೊದಲು ‘ಖೆವ್ರಾ ಕದಿಶಾ’ ಎಂಬ ಶವಸಂಸ್ಕಾರ ಮಂಡಳಿಯ ಹೆಂಗಸರು ‘ತಹಾರಾ’ ಎಂಬ ಶುದ್ಧೀಕರಣ ಮಾಡುತ್ತಾರೆ. ಅಲ್ಲಿಗೆ ನನಗೆ ಪ್ರವೇಶವಿರಲಿಲ್ಲ; ಶೋಕದ ಏಳು ದಿನಗಳಲ್ಲಿ ಮನೆಗೆ ಬಂದಿದ್ದ ಅವರಲ್ಲೊಬ್ಬರು ವಿವರವಾಗಿ ಹೇಳಿದರು. ಮೊದಲು ಉಗುರುಬೆಚ್ಚಗಿನ ನೀರಿನಿಂದ ಮೈಯ ಒಂದೊಂದು ಭಾಗವನ್ನೇ ತೆರೆದು, ತೊಳೆದು, ಮತ್ತೆ ಮುಚ್ಚುತ್ತಾರೆ. ಆಮೇಲೆ ಒಂಬತ್ತು ಕಾವ್ ನೀರು, ಈಗ ಸಾಮಾನ್ಯವಾಗಿ 20 ಲೀಟರಿಗೂ ಮಿಕ್ಕಿ, ಬಕೆಟ್ಟುಗಳಿಂದ ತಲೆಯಿಂದ ಕಾಲಿನವರೆಗೆ ಸುರಿಯುತ್ತಾರೆ. ಒಂದು ಬಕೆಟ್ಟು ಬರಿದಾಗುವ ಮೊದಲೇ ಮತ್ತೊಂದರ ಧಾರೆ ಶುರುವಾಗಬೇಕು, ನಡುವೆ ಕಡಿಯಬಾರದು. ಆಗ ಎಲ್ಲರೂ ‘ಶುದ್ಧಳು’ ಎಂದು ಹೇಳುತ್ತಾರೆ.

ಇದು ಪಾತ್ರೆಯ ನೀರಲ್ಲವೇ, ಮನುಷ್ಯರೇ ಸೇದಿ ಹೊಯ್ದದ್ದಲ್ಲವೇ ಎಂದು ನಾನು ಕೇಳಿದೆ. ಹೌದು, ಕೆಲವು ಕಡೆ ಮಿಕ್ವೆಯಲ್ಲೇ ಮುಳುಗಿಸುವ ರೂಢಿಯೂ ಇದೆ, ಆದರೆ ಇದೂ ಸಲ್ಲುತ್ತದೆ ಎಂದರು ಅವರು. ಬಾಳು ಹೊರಳುವ ಘಳಿಗೆಗೆ ಮುಗಿಲಿನ ನೀರೇ ಬೇಕು ಎಂದು ನಾನು ಕಟ್ಟಿಕೊಂಡಿದ್ದ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ. ಕೊನೆಯ ಹೊರಳಿಗೆ ಬೇಕಾದದ್ದು ಪಾತ್ರೆಯೂ ಮನುಷ್ಯರ ಬಲವೂ. ಸತ್ತವರು ತಾವಾಗಿ ಮೆಟ್ಟಿಲಿಳಿದು ನೀರಿಗೆ ಹೋಗಲಾರರು. ಅವರಿಗಾಗಿ ಇತರರು ಹೊತ್ತು ತಂದು ಸುರಿಯಬೇಕು. ಅದನ್ನು ಮಾಡಿದ ಹೆಂಗಸರಿಗೆ ಸಂಬಳವಿಲ್ಲ, ಕೃತಜ್ಞತೆ ಹೇಳಲು ಸತ್ತವರಿಗೆ ಬಾಯಿಲ್ಲ. ಆದ್ದರಿಂದ ಇದನ್ನು ಎಲ್ಲಕ್ಕಿಂತ ನಿಜವಾದ ದಯೆಯೆಂದು ಯೆಹೂದಿಗಳು ಎಣಿಸುತ್ತಾರೆ. ಸಾವ್ತಾ ಅವರ ಮೈಯನ್ನು ಅಷ್ಟು ಕಾಲ ತೊಳೆದವಳಾಗಿ, ಕೊನೆಯ ಸಲದ್ದು ನನ್ನ ಕೈಯಿಂದ ಆಗಲಿಲ್ಲವೆಂಬ ಸಂಕಟ ನನ್ನಲ್ಲಿತ್ತು. ಆ ಹೆಂಗಸು ಹೇಳಿದ ಕ್ರಮವನ್ನು ಕೇಳಿದ ಮೇಲೆ, ನಾನು ಮಾಡುತ್ತಿದ್ದುದನ್ನೇ ಅವರು ಮುಂದುವರಿಸಿದರು ಎಂದು ನನಗೆ ಅನ್ನಿಸಿತು.

ಈಗ ನಾನಿರುವುದು ಮತ್ತೊಂದು ಮನೆಯಲ್ಲಿ, ಪೂರ್ವ ಯುರೋಪಿನ ಮೂಲದ ಕುಟುಂಬದಲ್ಲಿ. ಇಲ್ಲಿ ಊಟದ ಕೊನೆಯ ನೀರಿನ ರೂಢಿ ಇಲ್ಲ. ಮಿಕ್ವೆಯಲ್ಲಿ ಹೆಂಗಸರು ಸ್ತುತಿ ಹೇಳುವುದೂ ನೀರಿಗಿಳಿಯುವ ಮೊದಲಲ್ಲ, ಒಮ್ಮೆ ಮುಳುಗಿ ಎದ್ದ ಮೇಲೆ ಎಂದು ಮನೆಯ ಸೊಸೆ ಹೇಳಿದರು. ಅಜ್ಜನಿಗೆ ಎರಡೂ ಕೈ ಸ್ವಾಧೀನದಲ್ಲಿವೆ, ನತ್ಲಾವನ್ನು ತಾವೇ ಹಿಡಿಯುತ್ತಾರೆ. ನಾನು ಅದನ್ನು ರಾತ್ರಿ ತುಂಬಿಡಬೇಕು, ಬೆಳಗ್ಗೆ ಬೋಗುಣಿಯ ನೀರನ್ನು ಬಚ್ಚಲಿಗೆ ಸುರಿಯಬೇಕು, ಅಷ್ಟೇ.